ಅಂಜುವುದಕ್ಕೇ ಪಗಾರ ಪಡೆದ ನಮ್ಮ ಕಾಕಾ

ಕಲಬುರಗಿಯಲ್ಲಿ ಪೈಲ್ವಾನರಿಗೆ ಸನ್ಮಾನವಾಗುತ್ತದೆ, ದಾನಿಗಳಿಗೆ ಆಗುತ್ತದೆ, ನಿವೃತ್ತರಾದವರಿಗೆ ಅಂತೂ ನಿವೃತ್ತರಾದರಲ್ಲ ಎಂಬ ಸಂತೋಷಕ್ಕೂ ಆಗುತ್ತದೆ. ಆದರೆ ಅಂಜುಬುರುಕರಿಗೆ ಸನ್ಮಾನ ಮಾಡಿದ್ದನ್ನು ನೀವೆಲ್ಲಾದರೂ ನೋಡಿದ್ದೀರಾ? ಯಾರಾದರೂ ಅಂಥದೊಂದು ಸಮಾರಂಭ ಇಟ್ಟುಕೊಂಡರೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವನ್ನೂ ನೇರ ಗಾಜಿಪುರದ ನಮ್ಮ ಕಾಕಾನ ಮನೆಗೆ ಕಳಿಸಿಬಿಡಬಹುದು. ತೊಂದರೆ ಒಂದೇ. ವೇದಿಕೆ ಹತ್ತುವ ಮೊದಲು ಅವರು ಅದರ ಕೆಳಗೆ ಬಗ್ಗಿ ಕಂಬಗಳನ್ನು ಅಲ್ಲಾಡಿಸಿ ನೋಡುತ್ತಾರೆ. ಒಂದು ಕಂಬ ಅಲುಗಿದರೂ ಸನ್ಮಾನವನ್ನು ನೆಲದ ಮೇಲೆ ನಿಂತೇ ಮಾಡಿಸಿಕೊಳ್ಳುತ್ತಾರೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಕಮಲಾಪುರದ ಆಚೆಗಿನ ಒಂದು ದೊಡ್ಡ ಆಣೆಕಟ್ಟಿನಲ್ಲಿ ಗೇಟುಗಳ ಉಸ್ತುವಾರಿ ನೋಡುವ ಇಂಜಿನಿಯರ್ ಆಗಿದ್ದವರು. ಬೇರೆಯವರ ಮನೆಯ ಹಿರಿಯರು ಮಕ್ಕಳ ತಲೆ ಸವರಿ "ಹೆದರಬೇಡ" ಅನ್ನುತ್ತಾರಲ್ಲ? ನಮ್ಮ ಕಾಕಾ ಜನ್ಮದಲ್ಲಿ ಯಾರಿಗೂ ಆ ಮಾತು ಹೇಳಿದವರಲ್ಲ. ಪರೀಕ್ಷೆಗೆ ಹೊರಟರೂ ಅಷ್ಟೇ, ಪ್ರವಾಸಕ್ಕೆ ಹೊರಟರೂ ಅಷ್ಟೇ, ತಲೆ ಸವರಿ ಅವರು ಕೊಡುವ ಆಶೀರ್ವಾದ ಒಂದೇ: "ಅಂಜಬೇಕವಾ, ಅಂಜಬೇಕು."

ಇದಕ್ಕೆ ಅವರದೇ ಒಂದು ಸಿದ್ಧಾಂತವಿದೆ. "ಆಣೆಕಟ್ಟು ಕಟ್ಟಾವ್ರಿಗೆ ಧೈರ್ಯ ಬೇಕು, ಕಾಯಾವ್ರಿಗೆ ಅಂಜಿಕಿ ಬೇಕು. ಸರಕಾರ ನನಗ ಪಗಾರ ಕೊಡೋದು ಅಂಜಾಕಂತ. ನಾ ಅಂಜಿದ್ರ ಕೆಳಗಿನ ಊರಾಗಿನ ಮಂದಿ ಆರಾಮ ಮಲಗ್ತಾರ. ನಾ ಆರಾಮ ಮಲಗಿದ್ರ ಅವ್ರು ಅಂಜಬೇಕಾಗ್ತದ." ನಿವೃತ್ತಿಯಾದ ಮೇಲೂ ಅರ್ಧ ಪಗಾರ ಬರುತ್ತದಲ್ಲ, ಅದಕ್ಕೆ ಅರ್ಧವಾದರೂ ಅಂಜಬೇಕಲ್ಲ ಎಂದು ನಾವು ಚೇಷ್ಟೆ ಮಾಡುತ್ತೇವೆ. ಅವರು ಮಾತ್ರ ಅರ್ಧಕ್ಕೆ ನಿಲ್ಲಿಸಿದವರಲ್ಲ, ಪೂರಾ ಅಂಜುತ್ತಾರೆ.

ಅವರ ಮನೆಯಲ್ಲಿ ಯಾವ ಪಾತ್ರೆಯೂ ಕಂಠಪೂರ್ತಿ ತುಂಬುವುದಿಲ್ಲ. ಚಹಾದ ಕಪ್ಪು, ಸಾರಿನ ಬಟ್ಟಲು, ಮಾಳಿಗೆಯ ನೀರಿನ ಟಾಕಿ, ಎಲ್ಲದರಲ್ಲೂ ಮೇಲೆ ಎರಡು ಬೆರಳು ಜಾಗ ಖಾಲಿ. ಮೊದಲ ಸಲ ಬಂದ ಬೀಗರು ಇದನ್ನು ಜಿಪುಣತನ ಎಂದುಕೊಂಡು ಹೋಗಿ ಊರೆಲ್ಲ ಹೇಳಿದ್ದೂ ಉಂಟು. "ಮ್ಯಾಲ ಖಾಲಿ ಜಾಗ ಅದ ನೋಡ್ರಿ, ಅದಾ ನಿಮ್ಮನ್ನ ಕಾಯೋದು" ಎಂದು ಕಾಕಾ ಅವರಿಗೆ ವಿವರಿಸಿದರು. ಬೀಗರು ಕಪ್ಪಿನೊಳಗೆ ಇಣುಕಿ ತಮ್ಮನ್ನು ಕಾಯುತ್ತಿರುವವರನ್ನು ಹುಡುಕಿದರು. ಮದುವೆಯ ಊಟದಲ್ಲೂ ಕಾಕಾನದು ಇದೇ ಲೆಕ್ಕ. ಎರಡನೆಯ ಸಲ ಸಿಹಿ ಮಾಲ್ದಿ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದು, "ಮ್ಯಾಲಿಂದ ಇನ್ನೂ ಮಜ್ಜಿಗಿ ಬರೋದದ, ಜಾಗ ಬಿಟ್ಟೀನಿ" ಅನ್ನುತ್ತಾರೆ.

ಇನ್ನು ಸೀಟಿ. ಆಣೆಕಟ್ಟಿನಲ್ಲಿ ಗೇಟು ಎತ್ತುವ ಮೊದಲು ಸೈರನ್ ಊದುವುದು ಕಾಯಿದೆ. ಗಾಜಿಪುರದ ಮನೆಯಲ್ಲಿ ಸೈರನ್ ಇಲ್ಲವಾದ್ದರಿಂದ ಕಾಕಾ ಕೊರಳಲ್ಲಿ ಒಂದು ಸೀಟಿ ಹಾಕಿಕೊಂಡಿದ್ದಾರೆ. ಮಾಳಿಗೆ ತೊಳೆದ ನೀರನ್ನು ಹೊರಗೆ ಬಿಡುವ ಮೊದಲು ಮೂರು ಸಲ ಸೀಟಿ. ಮೊದಮೊದಲು ಓಣಿಯವರು ನಕ್ಕರು. ಒಮ್ಮೆ ಕಾಕಾ ಊರಲ್ಲಿ ಇಲ್ಲದಾಗ ಮಾಳಿಗೆಯ ನೀರು ಸೀಟಿಯಿಲ್ಲದೆ ಇಳಿದು, ಎದುರು ಮನೆಯ ವಕೀಲರ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಬಿತ್ತು. "ಸೂಚನಾ ಕೊಡದ ನೀರು ಬಿಟ್ಟೀರಿ" ಎಂದು ಜಗಳಕ್ಕೆ ಬಂದವರು ಅದೇ ವಕೀಲರು. ನಕ್ಕವರಲ್ಲಿ ಮೊದಲಿಗರೂ ಅವರೇ.

ನನ್ನನ್ನು ನೋಡಲು ಕೋಟನೂರಿನಿಂದ ಗಂಡಿನ ಕಡೆಯವರು ಬಂದಾಗ ಏನಾಯಿತು ಗೊತ್ತೇ? ಹಿರಿಯರೆಲ್ಲ ಹುಡುಗನಿಗೆ ನೌಕರಿ ಏನು, ಪಗಾರ ಎಷ್ಟು, ಹೊಲ ಎಷ್ಟು ಎಂದು ಕೇಳಿ ಮುಗಿಸಿದ ಮೇಲೆ ಕಾಕಾ ಮೂಲೆಯಿಂದ ಮುಂದೆ ಸರಿದು ಕೂತರು.

"ತಮಗ ಸಿಟ್ಟು ಬಂದ್ರ ಎಲ್ಲಿ ಬಿಡ್ತೀರಿ?"

ಹುಡುಗ ಕಕ್ಕಾಬಿಕ್ಕಿಯಾಗಿ ತಾಯಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಹೊರಗ ಹೋಗಿ ಒಂದು ಸುತ್ತು ಅಡ್ಡಾಡಿ ಬರ್ತೀನ್ರಿ" ಅಂದ.

ಕಾಕಾ ನನ್ನ ಅಪ್ಪನ ಕಡೆ ತಿರುಗಿ, "ತೂಬು ಅದ. ಕೊಡ್ರಿ" ಅಂದರು. ನನ್ನ ಲಗ್ನ ನಿಶ್ಚಯವಾದದ್ದು ಹೀಗೆ. ನಾನು ಈಗಲೂ ಜಗಳವಾಡಿದಾಗ ನನ್ನ ಗಂಡ ಚಪ್ಪಲಿ ಮೆಟ್ಟಿ ಹೊರಡುವುದನ್ನು ನೋಡಿದರೆ, ಕಾಕಾನ ತಪಾಸಣೆ ಪಕ್ಕಾ ಇತ್ತು ಎಂದು ಒಪ್ಪಲೇಬೇಕು.

ಇಂಥವರ ಜೊತೆ ಬಾಳುವೆ ಮಾಡಿದಾಕೆ ನಮ್ಮ ಕಾಕಿ. ಕಾಕಿಗೆ ಯಾವುದರ ಅಂಜಿಕೆಯೂ ಇರಲಿಲ್ಲ. ಹಾವು ಬಂದರೆ ಕೋಲು ತರುವಾಕೆ ಅವಳು, ಬಾಗಿಲು ಹಾಕಿಕೊಂಡು ಒಳಗಿನಿಂದ ಹಾವಿನ ಉದ್ದ ಕೇಳುವವರು ಇವರು. ಮದುವೆಯಾಗಿ ನಾನು ಹೊರಟ ದಿನ ಉಡಿ ತುಂಬಿದವಳೂ ಕಾಕಿಯೇ. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಮಗಳ ಉಡಿ ತುಂಬಿದ ಮೇಲೆ, ಅವಳು ಹೊಸ್ತಿಲು ದಾಟುವ ಮೊದಲು ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ತಿರುಗಿ ಮನೆಯೊಳಗೆ ಹಾಕಿ ಹೋಗಬೇಕು. ಪೂರಾ ತಗೊಂಡು ಹೋದರೆ ಮನೆಯ ಹುಲುಸು ಹೋಗುತ್ತದೆ ಎಂಬ ನಂಬಿಕೆ. ನಾನು ಅಳುವ ಭರದಲ್ಲಿ ಮರೆತಿದ್ದೆ. ಕಾಕಿ ನನ್ನ ಕೈ ಹಿಡಿದು ನಿಲ್ಲಿಸಿ, "ಒಂದು ಹಿಡಿ ಬಿಟ್ಟು ಹೋಗವಾ" ಅಂದಳು. ಪಕ್ಕದಲ್ಲೇ ನಿಂತಿದ್ದ ಕಾಕಾ ತಲೆದೂಗಿದರು. "ನಮ್ಮ ಹೆಣ್ಮಕ್ಕಳಿಗೆ ಗೇಟ್ ಆಪರೇಷನ್ ಮೊದಲಿಂದ ಗೊತ್ತದ" ಅಂದರು.

ಇಷ್ಟು ಹೊತ್ತು ನಗಿಸಿದೆನಲ್ಲ, ಈಗ ಸ್ವಲ್ಪ ಅಂಜಿಸುತ್ತೇನೆ. ಕಾಕಾನ ಅಂಜಿಕೆ ಹುಡುಗಾಟದ್ದಲ್ಲ ಎಂದು ನನಗೆ ಗೊತ್ತಾದದ್ದು ಆಣೆಕಟ್ಟಿನ ಬುಡದಲ್ಲಿ.

ಮದುವೆಯಾದ ಮರುವರ್ಷದ ಮಳೆಗಾಲ. ಹೊಳೆ ಮೈದುಂಬಿದೆ, ಆಣೆಕಟ್ಟು ತುಂಬುತ್ತಿದೆ, ಗಂಗಮ್ಮನಿಗೆ ಉಡಿ ತುಂಬುವ ಕಾರ್ಯಕ್ರಮವಿದೆ, ಬಾ ಎಂದು ಕಾಕಿ ಫೋನು ಮಾಡಿದಳು. ಕಮಲಾಪುರದಲ್ಲಿ ಬಸ್ಸಿಳಿದು, ಉಡಿಗೆಂದು ಅಲ್ಲಿನ ಕೆಂಪು ಬಾಳೆಹಣ್ಣು ಕೊಂಡು, ಆಣೆಕಟ್ಟಿನ ಪಕ್ಕದ ಕ್ವಾರ್ಟರ್ಸಿಗೆ ಹೋದೆ. ಸಂಜೆ ಕಾಕಾ ನನ್ನನ್ನು ಮಣ್ಣಿನ ಏರಿಯ ಕೆಳಗೆ ಕರೆದುಕೊಂಡು ಹೋದರು. ತಲೆಯೆತ್ತಿ ನೋಡಿದರೆ ಆಕಾಶ ಅರ್ಧ, ಏರಿ ಅರ್ಧ. ಅದರ ಆಚೆ ಒಂದು ಇಡೀ ಹೊಳೆ ನಿಂತಿದೆ, ಈಚೆ ನಾನು ಮತ್ತು ನನ್ನ ಹೊಸ ಚಪ್ಪಲಿ. ಬುಡದ ಸಣ್ಣ ಕಾಲುವೆಯಲ್ಲಿ ಏರಿಯಿಂದ ನೀರು ಜಿನುಗಿ ಹರಿಯುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಕಾಕಾ, ಸೋರಾಕತ್ತದಲ್ರಿ."

"ಸೋರಬೇಕವಾ. ಸೋರದ ಆಣೆಕಟ್ಟು ಜಗತ್ತಿನಾಗ ಇಲ್ಲ." ಅವರು ಕಿಸೆಯಿಂದ ಒಂದು ಗಾಜಿನ ಗ್ಲಾಸು ತೆಗೆದು, ಆ ನೀರು ಹಿಡಿದು, ಇಳಿಬಿಸಿಲಿಗೆ ಎತ್ತಿ ನೋಡಿದರು. "ತಿಳಿನೀರು ಬಂದ್ರ ಒಡ್ಡು ಗಟ್ಟಿ ಅದ ಅಂತ ತಿಳಿ. ನೀರು ಕೆಂಪಾತು ಅಂದ್ರ, ಒಳಗಿನ ಮಣ್ಣು ತಿಂದುಕೊಂಡು ಬರಾಕತ್ತದ ಅಂತ ಅರ್ಥ. ಆವಾಗ ಓಡಬೇಕು. ಅದಕ್ಕ ದಿನಾ ಬಂದು ನೋಡ್ತೀನಿ." ಗ್ಲಾಸು ನನ್ನ ಕೈಗೆ ಕೊಟ್ಟರು. ನೀರು ತಿಳಿಯಾಗಿತ್ತು. ನಾನಂತೂ ಕ್ವಾರ್ಟರ್ಸಿಗೆ ಓಡಿಯೇ ಬಂದೆ.

ಊಟಕ್ಕೆ ಕೂತಾಗ ಕೇಳಿದೆ, ಇಷ್ಟು ಅಂಜಿಕೆ ಇಟ್ಟುಕೊಂಡು ಇದನ್ನು ಕಟ್ಟಿದ್ದಾದರೂ ಯಾಕೆ? ಕಾಕಾ ರೊಟ್ಟಿ ಮುರಿಯುತ್ತ ಹೇಳಿದರು. ತೊಗರಿ, ಜೋಳದ ಹೊಲದವರಿಗೆ ನೀರು ತುಂಬಿರಬೇಕು, ಊರಿನ ನಳದವರಿಗೆ ತುಂಬಿರಬೇಕು, ಮೀನು ಹಿಡಿಯುವವರಿಗೂ ತುಂಬಿರಬೇಕು. ಮಹಾಪೂರ ಬಂದಾಗ ಮಾತ್ರ ಜಾಗ ಖಾಲಿ ಇರಬೇಕು. "ಎಲ್ಲಾರೂ ನೀರು ಹಿಡ್ಯಾಕ ಕಟ್ಟೀವಿ ಅಂತಾರ. ಬರಾಬರ್ ಟೈಮಿಗೆ ಬಿಡಾಕ ಕಟ್ಟೀವಿ ಅಂತ ಯಾರೂ ಅನ್ನಂಗಿಲ್ಲ. ಹಿಡ್ಯೋದು ಕಲ್ಲಿನ ಗ್ವಾಡಿನೂ ಹಿಡಿತದ. ಬಿಡಾಕ ಮನಷಾ ಬೇಕು."

ಮರುದಿನ ಬೆಳಿಗ್ಗೆ ಆಣೆಕಟ್ಟಿನ ಮೇಲೆ ಪೆಂಡಾಲು, ತೋರಣ, ಮೈಕು. ಹೊಳೆಯ ಆಚೆ ದಂಡೆಯ ಊರಿನ ಹೆಂಗಸರು ಮೊರದಲ್ಲಿ ಉಡಿಯ ಸಾಮಾನು ಹೊತ್ತು, ಕೆಳಗಿನ ತಗ್ಗು ಸೇತುವೆ ದಾಟಿ ಬಂದರು. ಗಂಡಸರು ಹುಡುಗರೆಲ್ಲ ಆ ಸೇತುವೆಯ ಮೇಲೆಯೇ ಜಾಗ ಹಿಡಿದು ನಿಂತರು. ಯಾಕೆಂದರೆ ಕಾರ್ಯಕ್ರಮ ಹೀಗಿತ್ತು: ದೊಡ್ಡ ಅತಿಥಿಗಳು ಕಲಬುರಗಿಯಿಂದ ಬಂದು ಬಾಗಿನ ಬಿಟ್ಟು, ತಮ್ಮ ಹಸ್ತದಿಂದ ಗುಂಡಿ ಒತ್ತಿ ಗೇಟು ತೆಗೆಯುತ್ತಾರೆ. ಹಾಲಿನಂತೆ ನೀರು ಧುಮುಕುವುದನ್ನು ಎದುರಿಗೆ ನಿಂತು ನೋಡಲು ಸೇತುವೆಗಿಂತ ಒಳ್ಳೆಯ ಜಾಗ ಎಲ್ಲಿದೆ?

ಅತಿಥಿಗಳು ಹೊತ್ತಿಗೆ ಬರಲಿಲ್ಲ. ದಾರಿಯಲ್ಲಿ ಇನ್ನೊಂದು ಉದ್ಘಾಟನೆ ಇತ್ತಂತೆ. ಅಷ್ಟರಲ್ಲಿ ಹೊಳೆಯ ಮೇಲಿನ ಊರಿನಿಂದ ಕಾಕಾಗೆ ಫೋನು ಬಂತು: ಹುಮನಾಬಾದ ಕಡೆ ಮುಗಿಲು ಹರಿದಂತೆ ಮಳೆ, ಹಳ್ಳಗಳೆಲ್ಲ ಹೊಳೆಗೆ ಬೀಳುತ್ತಿವೆ, ಮಧ್ಯಾಹ್ನದೊಳಗೆ ಆ ನೀರು ಆಣೆಕಟ್ಟಿಗೆ ಬರುತ್ತದೆ. ಕಾಕಾ ತಮ್ಮ ಮೇಲಿನ ಸಾಹೇಬರ ಹತ್ತಿರ ಓಡಿದರು. ನಾನು ಅಲ್ಲೇ ಇದ್ದೆ.

"ಸಾಹೇಬ್ರ, ಈಗ ಒಂದು ಗೇಟು ಜರಾ ಎತ್ತೂಣ್ರಿ. ಬರೋ ನೀರಿಗೆ ಜಾಗಾ ಬೇಕು. ತಡಾ ಮಾಡಿದ್ರ ಎಲ್ಲಾ ಗೇಟು ಒಮ್ಮಿಗೇ ಎತ್ತಬೇಕಾಗ್ತದ. ಸೇತುವಿ ಮ್ಯಾಲ ಮಂದಿ ಅದಾರ್ರಿ."

"ಅತಿಥಿಗಳು ಒತ್ತೋ ಗುಂಡಿ ನೀವು ಒತ್ತಿದ್ರ ನಾ ಏನ್ ಉತ್ತರ ಕೊಡ್ಲಿ? ನಿಮ್ಮ ಅಂಜಿಕಿ ಎಲ್ಲಾರಿಗೂ ಗೊತ್ತದ. ಫಿಕರ್ ಮಾಡಬ್ಯಾಡ್ರಿ, ಕೂಡ್ರಿ."

ಕಾಕಾ ಕೂಡಲಿಲ್ಲ. ಸೇತುವೆಗೆ ಹೋಗಿ ಸರಿಯಿರಿ ಎಂದು ಕೈಮುಗಿದರೆ, ಗೇಟೇ ತೆಗೆದಿಲ್ಲವಲ್ಲ ಎಂದು ಜನ ನಕ್ಕರು. ಕಾಕಾ ತಿರುಗಿ ಏರಿ ಹತ್ತಿ ಬಂದರು. ಅಲ್ಲಿಂದ ನೋಡಿದರೆ ಒಂದು ಬದಿಗೆ ಅಂಚಿಗೆ ಬಂದು ನಿಂತ ಕಪ್ಪು ನೀರು, ಇನ್ನೊಂದು ಬದಿಗೆ ಬಹಳ ಕೆಳಗೆ ಸೇತುವೆ, ಅದರ ಮೇಲೆ ಬಣ್ಣಬಣ್ಣದ ಅಂಗಿಗಳು. ಕಾಕಾ ಆ ಅಂಗಿಗಳನ್ನು ಒಂದೊಂದಾಗಿ ಎಣಿಸತೊಡಗಿದರು. ಅದನ್ನು ನೋಡಿ ನನಗೆ ಮೊಟ್ಟಮೊದಲ ಸಲ ನಗು ಬರಲಿಲ್ಲ. ನನಗೂ ಅಂಜಿಕೆಯಾಯಿತು.

ಕಾಕಿ ಮೆಟ್ಟಿಲ ಮೇಲೆ ಹೆಂಗಸರ ನಡುವೆ ಕೂತಿದ್ದಳು. ಗಂಡನ ಮುಖ ನೋಡಿ ಎದ್ದು ಬಂದಳು.

"ಏನಾತ್ರಿ?"

"ಮಹಾಪೂರ ಬರಾಕತ್ತದ, ಗೇಟು ಎತ್ತಾಕ ಸಾಹೇಬ್ರು ಒಪ್ಪವಲ್ರು."

ಕಾಕಿ ತಿರುಗಿ ಹೋಗಿ ಆಚೆ ಊರಿನ ಹಿರಿಯಾಕೆಯ ಮುಂದೆ ಕೂತಳು. "ಆಯಿ, ಉಡಿ ತುಂಬಾಕ ಗಂಡಸರ ಹಾದಿ ಕಾಯೋದು ಎಲ್ಲ್ಯಾರ ಕೇಳೀರೇನು? ಒಳ್ಳೆ ಹೊತ್ತು ಮೀರಾಕತ್ತದ. ಬಾಗಿನ ಅವರು ಬಂದಾಗ ಬಿಡಲಿ. ನಮ್ಮ ಉಡಿ ನಾವು ತುಂಬೂಣು."

ಆಯಿಗೆ ಕೂತು ಕೂತು ಕಾಲು ಜೋಮು ಹಿಡಿದಿತ್ತು. "ಖರೇ ಅದ" ಎಂದು ಎದ್ದೇಬಿಟ್ಟಳು. ಅರಿಷಿಣ, ಕುಂಕುಮ, ಹಸಿರು ಬಳೆ, ಖಣ, ಅಕ್ಕಿ, ತೆಂಗು, ನಾನು ತಂದ ಕೆಂಪು ಬಾಳೆಹಣ್ಣು. ನೋಡನೋಡುತ್ತ ಗಂಗಮ್ಮನ ಉಡಿ ತುಂಬಿತು. ಕಾಕಿ ಸೆರಗು ಸರಿ ಮಾಡಿಕೊಂಡು, ಹೆಂಗಸರನ್ನೆಲ್ಲ ಹಿಂದೆ ಕಟ್ಟಿಕೊಂಡು, ಸಾಹೇಬರ ಎದುರು ನಿಂತಳು.

"ಸಾಹೇಬ್ರ, ಉಡಿ ತುಂಬೀವ್ರಿ. ಉಡಿ ತುಂಬಿಸಿಕೊಂಡಾಕಿ ಒಂದು ಹಿಡಿ ತಿರುಗಿ ಬಿಟ್ಟು ಹೋಗಬೇಕು. ಗಂಗಮ್ಮ ಅಂತೂ ಕೈಲೆ ಹಾಕಂಗಿಲ್ಲ. ನೀವಾ ಒಂದು ಹಿಡಿ ನೀರು ಬಿಡಬೇಕು."

"ಅತಿಥಿಗಳು ಬಂದ ಮ್ಯಾಲ ಬಿಡೂಣ್ರಿ, ಅಕ್ಕಾವ್ರ."

"ಉಡಿ ತುಂಬಿ ಹಂಗಾ ಕೂಡ್ಸಬಾರದ್ರಿ. ಹುಲುಸು ಹೋಗ್ತದ."

"ಖರೇ ಅದ್ರಿ" ಅಂದಳು ಆಯಿ. ಹಿಂದಿನಿಂದ ಹೆಂಗಸರೆಲ್ಲ "ಖರೇ ಅದ, ಖರೇ ಅದ" ಅಂದರು. ಮೈಕು ಹಿಡಿದಿದ್ದವನೂ ಖರೇ ಅದ ಅಂದ, ಅದು ಇಡೀ ಆಣೆಕಟ್ಟಿಗೆ ಕೇಳಿಸಿತು.

ನೋಡಿ, ಎಂಥ ವಿಚಿತ್ರ! ಹುಮನಾಬಾದಿನ ಮುಗಿಲು ಹರಿದರೂ ಅಂಜದ ಸಾಹೇಬರು ಆಯಿಯ ಹುಲುಸಿಗೆ ಅಂಜಿದರು. ನಾಳೆ ಬೆಳೆ ಕೈಕೊಟ್ಟರೆ ಸುತ್ತಿನ ಊರುಗಳೆಲ್ಲ ಯಾರ ಹೆಸರು ಹಿಡಿದು ಬೈಯುತ್ತವೆ ಎಂಬುದು ಅವರಿಗೆ ತಕ್ಷಣ ಹೊಳೆಯಿತು. "ಒಂದೇ ಹಿಡಿ, ಹೆಚ್ಚಿಗಿ ಬ್ಯಾಡ" ಅಂದರು.

ಕಾಕಾಗೆ ಬೇಕಾದದ್ದೇ ಆ ಮಾತು. ಹಿಡಿ ನೀರು ಬಿಟ್ಟರೂ ಬೊಗಸೆ ಬಿಟ್ಟರೂ ಕಾಯಿದೆ ಒಂದೇ: ಮೊದಲು ಸೈರನ್ ಊದಬೇಕು, ಕೆಳಗಿನ ಊರುಗಳಿಗೆ ಡಂಗುರ ಹೋಗಬೇಕು, ಸೇತುವೆ ಖಾಲಿಯಾಗಿ ಎರಡೂ ಕಡೆ ಸರಪಳಿ ಬೀಳಬೇಕು. ಸೈರನ್ ಕೂಗಿತು. ಆ ಸದ್ದು ಕೇಳಿದವರಿಗೆ ಗೊತ್ತು, ಬೆನ್ನುಹುರಿಯಲ್ಲೇ ಯಾರೋ ಕೂಗಿದ ಹಾಗಿರುತ್ತದೆ. ಗೇಟು ತೆಗೆಯುತ್ತಾರಂತೆ ಎಂದು ಬಂದೋಬಸ್ತಿಗೆ ಬಂದಿದ್ದ ಪೊಲೀಸರು ಈಗ ಲಾಠಿ ಹಿಡಿದು ಹೊರಟರು. ಜನ ಗೊಣಗುತ್ತ ಸರಿದರು. ಸರಪಳಿ ಬಿದ್ದ ಮೇಲೆ ಕಾಕಾ ಒಂದು ಗೇಟನ್ನು ಸ್ವಲ್ಪವೇ ಎತ್ತಿದರು. ಇಷ್ಟು ನೋಡಲು ಬೆಳಿಗ್ಗೆಯಿಂದ ನಿಂತೆವಾ ಎಂದು ಹುಡುಗರು ಕಾಕಾಗೆ ಬೈದರು. ಆಚೆ ದಂಡೆಗೆ ಹೋಗಲು ದಾರಿಯಿಲ್ಲದ್ದಕ್ಕೆ ಆಯಿಯೂ ಬೈದಳು. ಮನೆಯಲ್ಲಿ ಎಮ್ಮೆ ಹಿಂಡುವವರಿಲ್ಲ, ಈ ಅಂಜುಬುರುಕನ ಸಲುವಾಗಿ ಕರು ಉಪವಾಸ ಎಂದು ಅವಳ ತಕರಾರು.

ಆಮೇಲೆ ನೀರು ಬಂತು. ಸದ್ದು ಮಾಡಿ ಬರುತ್ತದೆ ಎಂದುಕೊಂಡಿದ್ದೆ. ಇಲ್ಲ, ಸುಮ್ಮನೆ ಏರುತ್ತ ಬಂತು. ಉಡಿ ತುಂಬಿದ ಮೆಟ್ಟಿಲು ಮುಳುಗಿತು, ಅದರ ಮೇಲಿನದೂ ಮುಳುಗಿತು. ಸಾಹೇಬರ ಮುಖ ಬಿಳಚಿಕೊಂಡಿತು. "ಎಲ್ಲಾ ಗೇಟು ಎತ್ರಿ" ಎಂದು ಅವರೇ ಕೂಗಿದರು. ಸೈರನ್ ಮತ್ತೆ ಕೂಗಿತು, ಗೇಟುಗಳು ಎದ್ದವು, ಕಾಲ ಕೆಳಗೆ ಏರಿ ಗುಡುಗುಡು ಅಂದಿತು. ನಾವೆಲ್ಲ ಕಟಕಟೆ ಹಿಡಿದು ಕೆಳಗೆ ನೋಡುತ್ತಿದ್ದೆವು. ಮಹಾಪೂರದ ಕೆಂಪು ನೀರು ಹೋಗಿ ಸೇತುವೆಗೆ ಬಡಿಯಿತು, ಹತ್ತಿತು, ಆಮೇಲೆ ಅಲ್ಲಿ ಸೇತುವೆ ಇರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಅಂಗಿಗಳು ನಿಂತಿದ್ದ ಜಾಗದಲ್ಲಿ ಒಂದು ಇಡೀ ಜಾಲಿಮರ ಬೇರುಮೇಲಾಗಿ ತಿರುಗುತ್ತಿತ್ತು. ಬೈಯುತ್ತಿದ್ದ ಹುಡುಗರು ಕಟಕಟೆ ಬಿಟ್ಟು ಹಿಂದೆ ಸರಿದರು. ಆಯಿ ನೆಲಕ್ಕೆ ಕುಸಿದು ಕೂತು, ಪಕ್ಕದಲ್ಲಿದ್ದ ಕಾಕಿಯ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

ಎಲ್ಲ ಮುಗಿದ ಮೇಲೆ ಅತಿಥಿಗಳು ಬಂದರು, ತೆರೆದಿದ್ದ ಗೇಟಿನ ಗುಂಡಿ ಒತ್ತಿದರು, ಫೋಟೋ ಆಯಿತು. ಪೇಪರಿನಲ್ಲೂ ಬಂತು. ಅದರಲ್ಲಿ ಕಾಕಾ ಇರಲಿಲ್ಲ, ಆಗದೇ ಹೋದ ಅನಾಹುತದ ಸುದ್ದಿಯೂ ಇರಲಿಲ್ಲ. ಆಗದೇ ಹೋದದ್ದನ್ನು ಯಾರು ಬರೆಯುತ್ತಾರೆ, ಹೇಳಿ? ಆ ದಿನ ಹೊಳೆ ಇಳಿಯುವವರೆಗೆ ಹೆಂಗಸರೆಲ್ಲ ಕ್ವಾರ್ಟರ್ಸಿನಲ್ಲೇ ಉಳಿದರು. ಕಾಕಿ ಎಲ್ಲರಿಗೂ ಮಂಡಕ್ಕಿ ನೆನೆಸಿ ಸುಸಲಾ ಕಲೆಸಿದಳು. ನಾನು ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ, "ಕಾಕಿ, ಹೊಳಿಗೂ ಒಂದು ಹಿಡಿ ಬಿಡೋ ಪದ್ಧತಿ ಅದ ಏನು?"

"ಇವತ್ತಿಂದ ಅದ" ಅಂದಳು ಕಾಕಿ, ಉಳ್ಳಾಗಡ್ಡಿ ಹೆಚ್ಚುತ್ತ.

ಈಗಲೂ ಅಲ್ಲಿ ಹೆಂಗಸರು ಉಡಿ ತುಂಬಿದ ಮೇಲೆ ಒಂದು ಹಿಡಿ ನೀರು ಬಿಡಿಸದೆ ಎದ್ದು ಹೋಗುವುದಿಲ್ಲವಂತೆ. ಅದು ಬಹಳ ಹಿಂದಿನ ಕಾಲದ ಪದ್ಧತಿ ಎಂದು ಆಯಿ ಸೊಸೆಯರಿಗೆ ಹೇಳಿಕೊಟ್ಟಿದ್ದಾಳೆ.

ಕಾಕಿ ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಯಾವುದಕ್ಕೂ ಅಂಜದವಳು, ಜ್ವರಕ್ಕೂ ಅಂಜಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಗಾಜಿಪುರದ ಮನೆಯ ಪಡಸಾಲೆಯಲ್ಲಿ ಮುತ್ತೈದೆಯಾಗಿ ಹೋದ ಕಾಕಿಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಕಾಕಾ ಒಂದು ಕಂಬಕ್ಕೆ ಆತು ನಿಂತಿದ್ದರು. ಕಣ್ಣಲ್ಲಿ ಒಂದು ಹನಿ ಇಲ್ಲ. ಅವರ ಆ ಬಿಗಿತ ನೋಡಿ ನನಗೆ ಆಣೆಕಟ್ಟಿನ ಮೇಲೆ ಆದಂಥದೇ ಅಂಜಿಕೆಯಾಯಿತು. ನನ್ನ ಅವ್ವ ಮತ್ತು ಓಣಿಯ ಮುತ್ತೈದೆಯರು ಕಡೆಯ ಸಲ ಕಾಕಿಯ ಉಡಿ ತುಂಬಿದರು. ಎತ್ತಲು ಗಂಡಸರು ಬಗ್ಗಿದಾಗ ಕಾಕಾ ಮುಂದೆ ಬಂದರು.

"ತಡೀರಿ. ಒಂದು ಹಿಡಿ ಬಿಟ್ಟು ಹೋಗಲಿ."

"ಹೋದಾಕಿ ಉಡಿಯಿಂದ ತೆಗಿಯೋ ಪದ್ಧತಿ ಇಲ್ಲಪಾ" ಎಂದು ಹಿರಿಯರೊಬ್ಬರು ಮೆಲ್ಲಗೆ ಹೇಳಿದರು.

"ಇವತ್ತಿಂದ ಅದ" ಅಂದರು ಕಾಕಾ.

ಅವ್ವ ಕಾಕಿಯ ತಣ್ಣನೆಯ ಕೈ ಹಿಡಿದು, ಉಡಿಯೊಳಗೆ ಇಳಿಸಿ, ಅಕ್ಕಿ ತೆಗೆಸಿ, ಕಾಕಾ ಒಡ್ಡಿದ ಟವೆಲ್ಲಿಗೆ ಹಾಕಿಸಿದಳು. ಕಾಕಾ ಆ ಅಕ್ಕಿಯನ್ನು ನೋಡುತ್ತ ನಿಂತರು. ಆಮೇಲೆ ಅವರ ಮೈಯೆಲ್ಲ ಅಲುಗಿತು, ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಅವರು ಅತ್ತದ್ದನ್ನು ನಾನು ಎಂದೂ ಕಂಡವಳಲ್ಲ. ಓಡಿಹೋಗಿ ಅವರ ತೋಳು ಹಿಡಿದುಕೊಂಡೆ. ನಾನು ಅಂಜಿದ್ದು ಅವರಿಗೆ ಗೊತ್ತಾಗಿರಬೇಕು. ಕಣ್ಣೊರೆಸಿಕೊಳ್ಳದೆ ಹಾಗೆಯೇ ನನ್ನ ತಲೆ ಸವರಿದರು.

"ಅಂಜಬ್ಯಾಡವಾ" ಅಂದರು. "ತಿಳಿನೀರೇ ಅದ."